ಬರಿದಾದ ಚೀಲಕ್ಕೂ ಬೆಲೆಯುಂಟು



ಶೇಂಗಾ ಕಿತ್ತು ಕಾಯಿ ಬಿಡಿಸುವ ಹೊತ್ತಿಗೆ ನಮ್ಮ ಮೊಳಕಾಲ್ಮೂರು, ಚಳ್ಳಕೆರೆ ಸೀಮೆಯ ಮನೆಮನೆಯಲ್ಲೂ ಒಂದೇ ಮಾತು ಕೇಳಿಬರುತ್ತದೆ: “ಚೀಲ ಎಷ್ಟಿವೆ? ಇನ್ನೆಷ್ಟು ತರಬೇಕು?” ಬೀಜ, ಗೊಬ್ಬರ, ಕೂಲಿ, ಗಾಡಿ ಬಾಡಿಗೆ ಇವುಗಳ ಲೆಕ್ಕವನ್ನು ನಾವು ಬಾಯಲ್ಲೇ ಹೇಳಬಲ್ಲೆವು. ಚೀಲದ ಲೆಕ್ಕವನ್ನು ಮಾತ್ರ ಇಡುವವರು ಕಡಿಮೆ. ಮಳೆ ಕಡಿಮೆಯಾದ ನಮ್ಮ ನಾಡಿನಲ್ಲಿ ಬೆಳೆ ನಮ್ಮ ಕೈಯಲ್ಲಿಲ್ಲ. ಆದರೆ ಬಂದ ಬೆಳೆಗೆ ತಗಲುವ ಖರ್ಚು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಆದುದರಿಂದ ಈ ಸಲ ಚೀಲದ ವಿಷಯವನ್ನೇ ವಿಚಾರ ಮಾಡೋಣ.

ಮೊದಲು ಲೆಕ್ಕ

ದೊಡ್ಡ ಗೋಣಿಚೀಲ ಒಂದಕ್ಕೆ ಸುಮಾರು 35ರಿಂದ 40 ಕೆ.ಜಿ. ಒಣಗಿದ ಶೇಂಗಾಕಾಯಿ ಹಿಡಿಯುತ್ತದೆ. ಒಬ್ಬ ರೈತನಿಗೆ 20 ಕ್ವಿಂಟಲ್ ಕಾಯಿ ಬಂದಿತೆನ್ನಿ. ಅದಕ್ಕೆ 50ರಿಂದ 57 ಚೀಲ ಬೇಕು. ಚೀಲ ಒಂದೇ ಸುಗ್ಗಿಗೆ ಹರಿದುಹೋದರೆ ಮೂರು ವರ್ಷಕ್ಕೆ 150 ಚೀಲ ಕೊಳ್ಳಬೇಕು. ಅದೇ ಚೀಲವನ್ನು ಮೂರು ಸುಗ್ಗಿ ಬಾಳಿಸಿದರೆ 50 ಸಾಕು. ಉಳಿದ 100 ಚೀಲಗಳನ್ನು ನಿಮ್ಮ ಊರಿನ ಬೆಲೆಗೆ ಗುಣಿಸಿ ನೋಡಿ. ಬಂದ ಮೊತ್ತ ನಿಮ್ಮದೇ ಹಣ.

ತೂಕದ ಕಟ್ಟೆಯಲ್ಲಿಯೂ ಚೀಲದ ಲೆಕ್ಕ ಇದ್ದೇ ಇದೆ. ಮಾಲಿನ ತೂಕದಲ್ಲಿ ಖಾಲಿ ಚೀಲದ ತೂಕವನ್ನು ಕಳೆಯುತ್ತಾರೆ. ಕಳೆಯುವುದು ನ್ಯಾಯವೇ, ಆದರೆ ಎಷ್ಟು ಕಳೆಯಬೇಕೆಂಬುದು ನಿಮಗೆ ತಿಳಿದಿರಬೇಕು. ಮಂಡಿಗೆ ಹೊರಡುವ ಮುಂಚೆ ಮನೆಯಲ್ಲಿಯೇ ಹತ್ತು ಖಾಲಿ ಚೀಲಗಳನ್ನು ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿರಿ. ಚೀಲಕ್ಕೆ 200 ಗ್ರಾಂ ಹೆಚ್ಚಾಗಿ ಕಳೆದರೂ 50 ಚೀಲಕ್ಕೆ 10 ಕೆ.ಜಿ. ಕಾಯಿ ಪುಕ್ಕಟೆ ಹೋದಂತಾಯಿತು. ಮಣ್ಣು ಮೆತ್ತಿದ ಚೀಲ, ಒದ್ದೆಯಾದ ಚೀಲ ಹೆಚ್ಚು ತೂಗುತ್ತದೆ. ಅದು ಕೊಳ್ಳುವವನಿಗೆ ಮಾತನಾಡಲು ಅವಕಾಶ ಕೊಡುತ್ತದೆ. ಮಾರಿದ ಮೇಲೆ ಚೀಲ ವಾಪಸು ಬರುತ್ತದೆಯೇ, ಅಥವಾ ಚೀಲದ ಬೆಲೆ ಸೇರಿಸಿ ಕೊಡುತ್ತಾರೆಯೇ ಎಂಬುದನ್ನು ತೂಕಕ್ಕೆ ಮುಂಚೆಯೇ ಕೇಳಿ ತಿಳಿಯಿರಿ. ತೂಕವಾದ ಮೇಲೆ ಕೇಳಿದರೆ ಜಗಳ, ಮುಂಚೆ ಕೇಳಿದರೆ ವ್ಯವಹಾರ.

ಗೋಣಿ ಎಲ್ಲಿಂದ ಬಂತು?

ಆಂಗ್ಲರು ಚೀಲಕ್ಕೆ ‘ಗನ್ನಿ’ ಎನ್ನುತ್ತಾರೆ. ಅದು ನಮ್ಮ ದೇಶದ ‘ಗೋಣಿ’ ಎಂಬ ಮಾತಿನಿಂದಲೇ ಹುಟ್ಟಿದ್ದು. ಗಾಡಿದಾರಿ ಇಲ್ಲದ ಕಾಲದಲ್ಲಿ ಹೇರಿನ ಎತ್ತುಗಳ ಬೆನ್ನಿನ ಮೇಲೆ ದವಸ ಸಾಗುತ್ತಿದ್ದುದೂ ಗೋಣಿಯಲ್ಲಿಯೇ. ಈಗಿನ ಚೀಲ ಬಂಗಾಳದ ಸೆಣಬಿನದು. ಕಲ್ಕತ್ತೆಯ ಬಳಿ ಹೂಗ್ಲಿ ನದಿಯ ದಡದ ರಿಶ್ರಾ ಎಂಬಲ್ಲಿ 1855ರಲ್ಲಿ ಮೊದಲ ಸೆಣಬಿನ ಗಿರಣಿ ಆರಂಭವಾಯಿತು. 1947ರಲ್ಲಿ ದೇಶ ವಿಭಾಗವಾದಾಗ ಗಿರಣಿಗಳು ನಮ್ಮಲ್ಲಿ ಉಳಿದವು. ಒಳ್ಳೆಯ ಸೆಣಬು ಬೆಳೆಯುವ ಹೊಲಗಳಲ್ಲಿ ಬಹುಪಾಲು ಪೂರ್ವ ಪಾಕಿಸ್ತಾನಕ್ಕೆ ಹೋದವು. ಎಲ್ಲೋ ದೂರದ ನದೀತೀರದಲ್ಲಿ ಬೆಳೆದು, ಕೊಳೆಸಿ, ನಾರು ತೆಗೆದು, ನೇಯ್ದು ನಮ್ಮ ಕಣಕ್ಕೆ ಬಂದ ವಸ್ತುವನ್ನು ನಾವು ಒಂದೇ ಸುಗ್ಗಿಗೆ ಎಸೆಯುವುದು ಯಾವ ಲೆಕ್ಕದಿಂದಲೂ ಸರಿಯಲ್ಲ.

ಚೀಲ ಬಾಳಿಸುವ ಬಗೆ

ಚೀಲ ಹರಿಯುವುದು ಹೆಚ್ಚಾಗಿ ಮೂರು ಕಡೆ: ಬಾಯಲ್ಲಿ, ತಳದ ಮೂಲೆಗಳಲ್ಲಿ, ಕೊಕ್ಕೆ ಹಾಕಿದ ಜಾಗದಲ್ಲಿ. ಬಾಯಿ ಬಿಚ್ಚುವಾಗ ಕುಡುಗೋಲಿನಿಂದ ಕೊಯ್ಯಬೇಡಿ. ಗಂಟನ್ನು ಮಾತ್ರ ಕತ್ತರಿಸಿ ಹುರಿಯನ್ನು ಎಳೆಯಿರಿ. ಹುರಿಯೂ ಉಳಿಯುತ್ತದೆ, ಬಾಯಿಯೂ ಉಳಿಯುತ್ತದೆ. ಮೂಟೆಯನ್ನು ನೆಲದ ಮೇಲೆ ಎಳೆಯದೆ ಇಬ್ಬರು ಹಿಡಿದು ಎತ್ತಿರಿ. ಮೂಟೆ ಎತ್ತಲು ಹಿಡಿಕಟ್ಟಾಗುವಂತೆ ಎರಡು ಮೂಲೆಗಳಲ್ಲಿ ಕಿವಿ ಬಿಟ್ಟು ಹೊಲಿದರೆ ಕೊಕ್ಕೆಯ ಕೆಲಸ ಕಡಿಮೆಯಾಗುತ್ತದೆ.

ತೂತು ಕಾಸಿನಗಲ ಇರುವಾಗಲೇ ದಬ್ಬಣ ಹಿಡಿಯಿರಿ. ತೀರ ಹರಿದ ಒಂದು ಚೀಲವನ್ನು ಬಿಚ್ಚಿದರೆ ತೇಪೆಗೆ ಬಟ್ಟೆಯೂ ಹೊಲಿಗೆಗೆ ಹುರಿಯೂ ಅದರಿಂದಲೇ ಸಿಗುತ್ತವೆ. ಬೇಸಿಗೆಯ ಒಂದು ಮಧ್ಯಾಹ್ನ ಕುಳಿತು ಹೊಲಿದ ಚೀಲ ಸುಗ್ಗಿಯ ನೂಕುನುಗ್ಗಲಿನಲ್ಲಿ ಕೈಗೆ ಬರುತ್ತದೆ. ಪ್ರತಿ ಚೀಲಕ್ಕೂ ಬಣ್ಣದಿಂದ ನಿಮ್ಮ ಗುರುತು ಹಾಕಿರಿ. ಗುರುತಿಲ್ಲದ ಚೀಲ ಊರ ಚೀಲ.

ಹಳೆಯ ಚೀಲದಲ್ಲಿ ಹುಳು ಅಡಗಿರುತ್ತದೆ

ಹಳೆಯ ಚೀಲವನ್ನು ಮತ್ತೆ ಬಳಸುವುದು ಲಾಭ. ಶುಚಿಮಾಡದೆ ಬಳಸುವುದು ನಷ್ಟ. ಶೇಂಗಾಕಾಯಿಯನ್ನು ಕೊರೆಯುವ ಹುಳು ಕಾಯಿಯ ಸಿಪ್ಪೆಯ ಮೇಲೆ ಮೊಟ್ಟೆ ಅಂಟಿಸುತ್ತದೆ. ಮರಿ ಒಳಹೊಕ್ಕು ಬೀಜ ತಿನ್ನುತ್ತದೆ. ಬಲಿತ ಮೇಲೆ ಕೆಲವು ಹೊರಬಂದು, ತೆಳುವಾದ ಕಾಗದದಂಥ ಗೂಡು ಕಟ್ಟಿ ಚೀಲದ ತಳದಲ್ಲಿ, ಹೊಲಿಗೆಯ ಸಂದಿನಲ್ಲಿ ಸೇರಿಕೊಳ್ಳುತ್ತವೆ. ಅದೇ ಚೀಲಕ್ಕೆ ಹೊಸ ಕಾಯಿ ತುಂಬಿದರೆ ಹೋದ ವರ್ಷದ ಹುಳುವಿಗೆ ಈ ವರ್ಷದ ಊಟ ಬಡಿಸಿದಂತೆ. ಇದೇ ಹುಳು ಹುಣಸೆಕಾಯಿಯಲ್ಲಿಯೂ ಬೆಳೆಯುತ್ತದೆ. ಆದುದರಿಂದ ಹುಣಸೆ ತುಂಬಿದ್ದ ಚೀಲಕ್ಕೆ ಶೇಂಗಾ ತುಂಬಬೇಡಿ. ಎರಡನ್ನೂ ಒಂದೇ ಕೋಣೆಯಲ್ಲಿ ಇಡಬೇಡಿ.

ಶುಚಿಮಾಡುವ ಕ್ರಮ ಹೀಗಿದೆ. ಚೀಲವನ್ನು ಒಳಮಗ್ಗುಲು ಹೊರಕ್ಕೆ ತಿರುಗಿಸಿ, ಮನೆಯಿಂದ ದೂರ ಕೊಂಡೊಯ್ದು ಕೊಡವಿ, ಹೊಲಿಗೆಯನ್ನು ಪೊರಕೆಯಿಂದ ಉಜ್ಜಿರಿ. ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಅದ್ದಿ ತೆಗೆಯಿರಿ. ಅನಂತರ ಎರಡು ಮೂರು ದಿನ ಕಾದ ಬಂಡೆಯ ಮೇಲೆ ಮಗುಚಿ ಹಾಕಿ ಒಣಗಿಸಿರಿ. ಬಂಡೆಗೂ ಬಿಸಿಲಿಗೂ ನಮ್ಮಲ್ಲಿ ಬರವಿಲ್ಲ. ಇನ್ನೂ ಭದ್ರ ಬೇಕೆಂದರೆ ಬೇವಿನ ಬೀಜದ ತಿರುಳು 1 ಕೆ.ಜಿ. ಕುಟ್ಟಿ 10 ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಸೋಸಿ, ಆ ನೀರಿನಲ್ಲಿ ಚೀಲಗಳನ್ನು 15 ನಿಮಿಷ ನೆನೆಸಿ ನೆರಳಿನಲ್ಲಿ ಚೆನ್ನಾಗಿ ಒಣಗಿಸಿರಿ.

ಚೀಲ ಮಾತ್ರವಲ್ಲ, ಕಾಯಿಯೂ ಒಣಗಿರಬೇಕು. ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಎನ್ನಬೇಕು. ಬೀಜವನ್ನು ಉಜ್ಜಿದರೆ ಸಿಪ್ಪೆ ಬಿಡಬೇಕು. ಹಸಿ ಕಾಯಿ ತುಂಬಿದರೆ ಬೂಷ್ಟು ಹಿಡಿಯುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಒಮ್ಮೆಲೇ ಸತ್ತವು. ವಿಚಾರಿಸಿದಾಗ ಅವುಗಳಿಗೆ ಹಾಕಿದ್ದ ಶೇಂಗಾಹಿಂಡಿಯಲ್ಲಿ ಬೂಷ್ಟಿನ ವಿಷ ಇತ್ತೆಂದು ತಿಳಿಯಿತು. ಅಫ್ಲಾಟಾಕ್ಸಿನ್ ಎಂಬ ಆ ವಿಷ ಮನುಷ್ಯನ ಯಕೃತ್ತಿಗೂ ಕೇಡು. ಮೂಟೆಗಳನ್ನು ಬರಿನೆಲದ ಮೇಲೆ ಇಡದೆ ಹಲಗೆ ಅಥವಾ ಬಿದಿರಿನ ಮೇಲೆ, ಗೋಡೆಯಿಂದ ಒಂದಡಿ ದೂರದಲ್ಲಿ ಒಟ್ಟುವುದು ಇದಕ್ಕಾಗಿಯೇ.

ಗೊಬ್ಬರದ ಚೀಲ, ಔಷಧಿಯ ಡಬ್ಬ

ಈ ಭಾಗವನ್ನು ದಯಮಾಡಿ ಮನೆಯ ಹೆಂಗಸರಿಗೂ ಓದಿ ಹೇಳಿರಿ.

ಯೂರಿಯಾ ಚೀಲ ಗಟ್ಟಿಯಾದುದು, ಪುಕ್ಕಟೆಯಾಗಿ ಮನೆಗೆ ಬಂದದ್ದು. ಎರೆಮಣ್ಣು, ಹಟ್ಟಿಗೊಬ್ಬರ ಸಾಗಿಸಲು, ಮಳೆಗೆ ಬದು ಒಡೆದಾಗ ಮರಳು ತುಂಬಿ ಅಡ್ಡ ಇಡಲು, ಹಲವು ಚೀಲ ಬಿಚ್ಚಿ ಕೂಡಿಸಿ ಹೊಲಿದು ಕಣಕ್ಕೆ ಹಾಸಲು ಬಹಳ ಅನುಕೂಲ. ಆದರೆ ತೊಳೆದ ನೀರಿನ ಬಗ್ಗೆ ಎಚ್ಚರ. ಯೂರಿಯಾ ಕರಗಿದ ನೀರು ಕುಡಿದ ದನ ಕೆಲವೇ ಗಂಟೆಗಳಲ್ಲಿ ಸಾಯಬಹುದು. ದನದ ತೊಟ್ಟಿಯ ಬಳಿ, ಬಾವಿಕಟ್ಟೆಯ ಮೇಲೆ ಈ ಚೀಲ ತೊಳೆಯಬೇಡಿ. ಹೊಲದಲ್ಲಿಯೇ ತೊಳೆದು ಆ ನೀರನ್ನು ಗಿಡದ ಬುಡಕ್ಕೋ ತಿಪ್ಪೆಗೋ ಸುರಿಯಿರಿ. ತೊಳೆದ ಚೀಲವಾದರೂ ಅದರಲ್ಲಿ ರಾಗಿ, ಅಕ್ಕಿ, ಬೀಜದ ಶೇಂಗಾ ತುಂಬತಕ್ಕದ್ದಲ್ಲ. ಬಿಸಿಲಿಗೆ ಪುಡಿಪುಡಿಯಾಗತೊಡಗಿದ ಚೀಲವನ್ನು ಹೊಲದಲ್ಲಿ ಬಿಡಬೇಡಿ. ಎಳೆಗಳು ಮೇವಿನೊಡನೆ ದನದ ಹೊಟ್ಟೆ ಸೇರುತ್ತವೆ.

ಕ್ರಿಮಿನಾಶಕದ ಡಬ್ಬಕ್ಕಂತೂ ಎರಡನೆಯ ಉಪಯೋಗವೇ ಇಲ್ಲ. 1958ರಲ್ಲಿ ಕೇರಳಕ್ಕೆ ಹಡಗಿನಲ್ಲಿ ಬಂದ ಗೋಧಿಹಿಟ್ಟಿನ ಮೂಟೆಗಳ ಜೊತೆಗೆ ಪ್ಯಾರಾಥಿಯಾನ್ ಎಂಬ ಕ್ರಿಮಿನಾಶಕವನ್ನೂ ಹೇರಲಾಗಿತ್ತು. ಔಷಧಿ ಸೋರಿ ಮೂಟೆಗೆ ಇಳಿಯಿತು. ಆ ಹಿಟ್ಟು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಆ ಬಳಿಕವೇ 1968ರಲ್ಲಿ ಕ್ರಿಮಿನಾಶಕಗಳ ಕಾನೂನು ಬಂತು. ಕಾನೂನು ಬಂದರೂ ಅಭ್ಯಾಸ ಹೋಗಲಿಲ್ಲ. 2013ರ ಜುಲೈನಲ್ಲಿ ಬಿಹಾರದ ಒಂದು ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಸತ್ತರು. ಅಡಿಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕ್ರಿಮಿನಾಶಕ ಸೇರಿತ್ತು. ಒಂದು ಡಬ್ಬದ ಬೆಲೆ ಎಷ್ಟು, ಒಂದು ಮಗುವಿನ ಬೆಲೆ ಎಷ್ಟು?

ಔಷಧಿ ಮುಗಿದ ಡಬ್ಬವನ್ನು ಹೊಲದಲ್ಲಿಯೇ ಮೂರು ಸಲ ನೀರು ಹಾಕಿ ಗಲಬರಿಸಿ, ಆ ನೀರನ್ನು ಸಿಂಪಡಿಸುವ ಯಂತ್ರಕ್ಕೇ ಸುರಿದು, ಡಬ್ಬಕ್ಕೆ ತೂತು ಹೊಡೆಯಿರಿ. ತೂತಾದ ಡಬ್ಬವನ್ನು ಯಾರೂ ನೀರಿಗೆ, ಎಣ್ಣೆಗೆ ಬಳಸಲಾರರು. ಅದನ್ನು ಎಲ್ಲಿಗೆ ಒಪ್ಪಿಸಬೇಕೆಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿರಿ. ಔಷಧಿ ಲೇಪಿಸಿದ ಬೀಜ ಬಂದ ಚೀಲಕ್ಕೂ ಇದೇ ಎಚ್ಚರಿಕೆ.

ಹರಿದ ಗೋಣಿಯ ಹತ್ತು ಕೆಲಸ

ಇವುಗಳಲ್ಲಿ ಮುಖ್ಯವಾದದ್ದು ಬೀಜದ ಪರೀಕ್ಷೆ. ಬೀಜದ ಕಾಯಿಯಿಂದ ಆರಿಸದೆ 100 ಬೀಜ ಎಣಿಸಿಕೊಳ್ಳಿ. ಒಂದು ಗೋಣಿತಟ್ಟನ್ನು ತೊಳೆದು ಒದ್ದೆಮಾಡಿ ಹರಡಿ, ಬೀಜಗಳನ್ನು ಸಾಲಾಗಿ ಇಟ್ಟು, ಚಾಪೆಯಂತೆ ಸುರುಳಿ ಸುತ್ತಿ ನೆರಳಿನಲ್ಲಿಡಿ. ದಿನಕ್ಕೆ ಎರಡು ಸಲ ನೀರು ಚಿಮುಕಿಸಿ. ಏಳನೆಯ ದಿನ ಬಿಚ್ಚಿ ಎಣಿಸಿರಿ. 70ಕ್ಕಿಂತ ಹೆಚ್ಚು ಮೊಳೆತಿದ್ದರೆ ಬಿತ್ತಬಹುದು. ಕಡಿಮೆಯಾದರೆ ಬೇರೆ ಬೀಜ ನೋಡಲು ನಿಮಗಿನ್ನೂ ಕಾಲವಿರುತ್ತದೆ. ಬಿತ್ತಿದ ಮೇಲೆ ತಿಳಿದರೆ ಹದವೂ ಹೋಯಿತು, ಬೀಜವೂ ಹೋಯಿತು. ಒಂದು ಹರಕು ಗೋಣಿ ಒಂದು ವರ್ಷದ ಬೆಳೆಯನ್ನು ಉಳಿಸಬಲ್ಲದು.

ಉಳಿದ ಕೆಲಸಗಳನ್ನು ಚುಟುಕಾಗಿ ಹೇಳುತ್ತೇನೆ. ಹೊಸದಾಗಿ ಕಟ್ಟಿದ ಸಿಮೆಂಟಿನ ತೊಟ್ಟಿ, ಕಟ್ಟೆಗಳ ಮೇಲೆ ಒದ್ದೆ ಗೋಣಿ ಹೊದಿಸಿದರೆ ಕಡಿಮೆ ನೀರಿನಲ್ಲಿ ಸಿಮೆಂಟು ಹದವಾಗುತ್ತದೆ. ಕಡೆಯಪಕ್ಷ ಏಳು ದಿನ ಒಣಗಲು ಬಿಡಬಾರದು. ಎಳೆಯ ಗಿಡದ ಬುಡಕ್ಕೆ ಹೊದಿಸಿದರೆ ತೇವ ಆರುವುದಿಲ್ಲ, ಮುಂದೆ ಗೋಣಿ ಕೊಳೆತು ಗೊಬ್ಬರವಾಗುತ್ತದೆ. ಕುಡಿಯುವ ನೀರಿನ ಹಂಡೆಗೆ ಸುತ್ತಿ ತೇವವಾಗಿಟ್ಟರೆ ನೀರು ತಂಪು. ಬಣವೆಯ ಬಳಿ ನಾಲ್ಕು ಗೋಣಿ, ಒಂದು ಪೀಪಾಯಿ ನೀರು ಸದಾ ಇರಲಿ. ಕಿಡಿ ಬಿದ್ದಾಗ ಒದ್ದೆ ಗೋಣಿಯಿಂದ ಬಡಿದರೆ ಬೆಂಕಿ ಬೇಗ ಆರುತ್ತದೆ. ಮಳೆಗೆ ಕೊಪ್ಪೆ, ಎತ್ತಿನ ಬೆನ್ನಿಗೆ ಚಳಿಗಾಲದ ಹೊದಿಕೆ, ಬಾಗಿಲಿಗೆ ಕಾಲೊರಸು, ಇವನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಅಂಗಡಿಯಿಂದ ಬಂದ ರಟ್ಟಿನ ಪೆಟ್ಟಿಗೆಯನ್ನೂ ಒಲೆಗೆ ಹಾಕಬೇಡಿ. ಅದನ್ನು ಬಿಚ್ಚಿ ಉದ್ದಕ್ಕೆ ಜೋಡಿಸಿ ದುಂಡಗೆ ನಿಲ್ಲಿಸಿದರೆ ಕೋಳಿಮರಿಗಳಿಗೆ ಗಾಳಿ ತಾಗದ ಆವರಣವಾಗುತ್ತದೆ. ಈರುಳ್ಳಿ ಸಾಗಿಸುವವರು ಒತ್ತಾದ ಗೋಣಿಗಿಂತ ಬಲೆಯಂಥ ಚೀಲ ಬಳಸಿದರೆ ಗಡ್ಡೆ ಬೆವರುವುದಿಲ್ಲ. ರೇಷ್ಮೆಗೂಡು ಒಯ್ಯುವವರು ಪ್ಲಾಸ್ಟಿಕ್ ಚೀಲವನ್ನು ಮುಟ್ಟಲೇಬಾರದು. ಬಟ್ಟೆಯ ಚೀಲದಲ್ಲಿ ಸಡಿಲವಾಗಿ ತುಂಬಿ ತಂಪು ಹೊತ್ತಿನಲ್ಲಿ ಹೊರಡಬೇಕು.

ಈಗ ಮಾಡಬೇಕಾದುದು

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ. ಬರುವ ವಾರ ಮನೆಯ ಚೀಲಗಳನ್ನೆಲ್ಲ ಅಂಗಳಕ್ಕೆ ತೆಗೆದು ಮೂರು ರಾಶಿ ಮಾಡಿರಿ: ಕಾಳಿಗೆ ಆಗುವುವು, ತೇಪೆ ಹಾಕಿದರೆ ಆಗುವುವು, ಗಿಡಕ್ಕೂ ಪರೀಕ್ಷೆಗೂ ಆಗುವ ಹರಕುಗಳು. ಗೊಬ್ಬರದ ಚೀಲಗಳನ್ನು ಬೇರೆ ಕಡೆ ಇಡಿ. ಎಣಿಸಿ ಗೋಡೆಯ ಮೇಲೆ ಬರೆಯಿರಿ. ಸುಗ್ಗಿಗೆ ಎಷ್ಟು ಚೀಲ ಕೊಳ್ಳಬೇಕೆಂಬುದು ಆಗಲೇ ಗೊತ್ತಾಗುತ್ತದೆ. ನಾಲ್ಕು ಮನೆಯವರು ಸೇರಿ ಒಟ್ಟಿಗೆ ಕೊಂಡರೆ ಬೆಲೆಯಲ್ಲಿಯೂ ಗಾಡಿ ಬಾಡಿಗೆಯಲ್ಲಿಯೂ ಉಳಿತಾಯವಾಗುತ್ತದೆ. ಬೀಜದ ಪರೀಕ್ಷೆಯನ್ನು ಕಣ್ಣಾರೆ ನೋಡಬೇಕೆನ್ನುವವರು ಹಳ್ಳಿಗೆ ನಾನು ಬಂದಾಗ ನೂರು ಬೀಜ, ಒಂದು ಹರಕು ಗೋಣಿ ತಂದರೆ ಸಾಕು. ಅಲ್ಲಿಯೇ ಮಾಡಿ ತೋರಿಸುತ್ತೇನೆ.

— ಗ್ರಾಮಸೇವಕ