ಎರಡು ಸರ್ವರ್‌ಗಳಲ್ಲಿ ನಕಲಿದ್ದರೆ ಬ್ಯಾಕಪ್ ಬೇಡವೇ?

"ಫೈಲ್ ಎರಡು ಸರ್ವರ್‌ಗಳಲ್ಲಿದೆ, ಬ್ಯಾಕಪ್ ಯಾಕೆ?" ಎನ್ನುವವರು ಕಚೇರಿಗಳಲ್ಲಿ ಸಿಗುತ್ತಾರೆ. "ಫೋಟೋ ಕ್ಲೌಡ್‌ಗೆ ಹೋಗಿದೆ, ಧೈರ್ಯವಾಗಿ ಡಿಲೀಟ್ ಮಾಡಿ" ಎಂಬ ಸಲಹೆಯ ಹಿಂದಿರುವುದೂ ಇದೇ ನಂಬಿಕೆ. ಇದು ನಿಜವೇ? ನೋಡೋಣ.

ನಿಜವಲ್ಲ. ಎರಡು ಸರ್ವರ್‌ಗಳ ಫೋಲ್ಡರ್‌ಗಳನ್ನು ಸದಾ ಒಂದೇ ರೀತಿ ಇಡುವ ವ್ಯವಸ್ಥೆಗೆ ರೆಪ್ಲಿಕೇಶನ್ ಎನ್ನುತ್ತಾರೆ. ವಿಂಡೋಸ್ ಸರ್ವರ್‌ನಲ್ಲಿರುವ ಡಿಎಫ್ಎಸ್ ರೆಪ್ಲಿಕೇಶನ್ ಇದಕ್ಕೊಂದು ಉದಾಹರಣೆ. ಇಲ್ಲಿ ಒಂದು ಕಡೆ ಮಾಡಿದ ಬದಲಾವಣೆ ಇನ್ನೊಂದು ಕಡೆಗೂ ಹೋಗುತ್ತದೆ, ತಪ್ಪು ಕೂಡ ಹೋಗುತ್ತದೆ. ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆಯೂ ಅಳಿಯುತ್ತದೆ. ರಾನ್ಸಮ್‌ವೇರ್ ಫೈಲ್‌ಗಳಿಗೆ ಬೀಗ ಹಾಕಿದರೆ, ಬೀಗ ಬಿದ್ದ ಫೈಲ್‌ಗಳೇ ನಕಲಾಗುತ್ತವೆ. ಒಂದೇ ಫೈಲನ್ನು ಇಬ್ಬರು ಎರಡು ಕಡೆ ತಿದ್ದಿದರೆ ಕೊನೆಗೆ ಉಳಿಸಿದವರದ್ದೇ ಉಳಿಯುತ್ತದೆ. ಸೋತ ಪ್ರತಿ ಬೇರೊಂದು ಫೋಲ್ಡರ್‌ಗೆ ಹೋಗುತ್ತದೆ. ಆ ಫೋಲ್ಡರ್‌ಗೂ ಗಾತ್ರದ ಮಿತಿಯಿದೆ. ಮಿತಿ ತುಂಬುತ್ತಿದ್ದಂತೆ ಹಳೆಯವು ಅಳಿದುಹೋಗುತ್ತವೆ.

ಇನ್ನೊಂದು ಸಮಸ್ಯೆ, ನಕಲು ನಿಂತೇ ಹೋಗಿರಬಹುದು. ಫೋಲ್ಡರ್ ದೊಡ್ಡದಿದ್ದಷ್ಟೂ ಇದು ಬೇಗ ಗೊತ್ತಾಗುವುದಿಲ್ಲ. ಕಾರಣ ಹುಡುಕಲು ಈ ಕ್ರಮ ಅನುಸರಿಸಬಹುದು:

1. ನಕಲಾಗಲು ಕಾಯುತ್ತಿರುವ ಫೈಲ್‌ಗಳ ಸಾಲನ್ನು, ಅಂದರೆ ಬ್ಯಾಕ್‌ಲಾಗ್ ಅನ್ನು ನೋಡಿ. ಸಂಖ್ಯೆ ಇಳಿಯುತ್ತಿದ್ದರೆ ಕೆಲಸ ನಡೆಯುತ್ತಿದೆ, ಕಾಯಿರಿ. ಇಳಿಯದಿದ್ದರೆ ಮುಂದಿನ ಹೆಜ್ಜೆಗೆ ಹೋಗಿ.

2. ಫೈಲ್‌ಗಳನ್ನು ಕಳಿಸುವ ಮೊದಲು ಸಿದ್ಧಪಡಿಸುವ ಸ್ಟೇಜಿಂಗ್ ಜಾಗಕ್ಕೆ ಮೊದಲಿಗೆ ಇರುವ ಮಿತಿ 4 ಜಿಬಿ ಮಾತ್ರ. ದೊಡ್ಡ ವಿಡಿಯೋಗಳಿದ್ದರೆ ಇದು ಸಾಲದು. ಫೋಲ್ಡರ್‌ನ ಅತಿ ದೊಡ್ಡ 32 ಫೈಲ್‌ಗಳ ಒಟ್ಟು ಗಾತ್ರದಷ್ಟಾದರೂ ಇರಬೇಕು ಎನ್ನುತ್ತದೆ ಮೈಕ್ರೋಸಾಫ್ಟ್.

3. ಕೆಲವೇ ಫೈಲ್‌ಗಳು ಬಂದಿಲ್ಲವೇ? ಯಾರೋ ಅದನ್ನು ತೆರೆದಿಟ್ಟಿರಬಹುದು. ಬೇರೆಯವರು ಓದದಂತೆ ಲಾಕ್ ಆದ ಫೈಲ್ ಮುಚ್ಚುವವರೆಗೆ ನಕಲಾಗುವುದಿಲ್ಲ. ಹೆಸರಿನ ಕೊನೆಯಲ್ಲಿ .ಟಿಎಂಪಿ ಅಥವಾ .ಬಿಎಕೆ ಇರುವ ಫೈಲ್‌ಗಳನ್ನಂತೂ ವ್ಯವಸ್ಥೆಯೇ ಬಿಟ್ಟುಬಿಡುತ್ತದೆ.

4. ಒಂದು ಸರ್ವರ್ ತುಂಬಾ ದಿನ ಸಂಪರ್ಕದಲ್ಲಿರಲಿಲ್ಲವೇ? ಹೊಸ ಆವೃತ್ತಿಗಳಲ್ಲಿ 60 ದಿನ ಮೀರಿದರೆ ಆ ಸರ್ವರ್‌ನ ನಕಲು ತಡೆಹಿಡಿಯಲ್ಪಡುತ್ತದೆ. ಅದರಲ್ಲಿರುವ ಹಳೆಯ ಫೈಲ್‌ಗಳು ಹೊಸದರ ಮೇಲೆ ಕೂರಬಾರದು ಎಂಬುದೇ ಉದ್ದೇಶ. ಇಂಥ ಸರ್ವರನ್ನು ಮತ್ತೆ ಸೇರಿಸುವ ಮೊದಲು ಅದರಲ್ಲಿ ಮಾತ್ರ ಇರುವ ಫೈಲ್‌ಗಳನ್ನು ಬೇರೆಡೆ ಉಳಿಸಿಕೊಳ್ಳಿ.

ಹಾಗಾದರೆ ರೆಪ್ಲಿಕೇಶನ್ ಯಾಕೆ ಬೇಕು? ಒಂದು ಸರ್ವರ್ ಕೆಟ್ಟರೂ ಕೆಲಸ ನಿಲ್ಲದಿರಲು. ನಿನ್ನೆಯ ಸ್ಥಿತಿಗೆ ಮರಳಬೇಕಾದರೆ ಬ್ಯಾಕಪ್ಪೇ ಬೇಕು. ಅದು ಇವೆರಡರಿಂದಲೂ ಪ್ರತ್ಯೇಕವಾಗಿರಬೇಕು.

ನಮ್ಮ ಫೋನಿಗೂ ಇದು ಅನ್ವಯಿಸುತ್ತದೆ. ಬ್ಯಾಕಪ್ ಆಗಿರುವ ಫೋಟೋವನ್ನು ಗೂಗಲ್ ಫೋಟೋಸ್ ಆ್ಯಪ್‌ನಲ್ಲಿ ಡಿಲೀಟ್ ಮಾಡಿದರೆ ಕ್ಲೌಡ್‌ನಿಂದಲೂ ಹೋಗುತ್ತದೆ. 60 ದಿನ ಕಸದ ಬುಟ್ಟಿಯಲ್ಲಿದ್ದು, ಆಮೇಲೆ ಶಾಶ್ವತವಾಗಿ ಅಳಿಯುತ್ತದೆ. ಫೋನಿನ ಜಾಗ ಮಾತ್ರ ಖಾಲಿ ಮಾಡಲು ಆ್ಯಪ್‌ನಲ್ಲೇ ಬೇರೆ ಆಯ್ಕೆಯಿದೆ, ಅದನ್ನೇ ಬಳಸಿ. ಮದುವೆ, ನಾಮಕರಣದ ಫೋಟೋಗಳ ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವ್ ಅಥವಾ ಹಾರ್ಡ್ ಡಿಸ್ಕ್‌ನಲ್ಲಿಡಿ.

"ಧೈರ್ಯವಾಗಿ ಡಿಲೀಟ್ ಮಾಡಿ" ಎಂಬ ಸಂದೇಶ ಬಂದರೆ ಮುಂದಕ್ಕೆ ಕಳಿಸುವ ಮುನ್ನ ಇದನ್ನೊಮ್ಮೆ ನೆನಪಿಸಿಕೊಳ್ಳೋಣ.