ಎತ್ತರವೇ ಠೇವಣಿ, ವೇಗವೇ ಕೈಯಲ್ಲಿರುವ ನಗದು

ಮಕ್ಕಳೇ, ಹಾರ್ಮೋನಿಯಂ ತಿದಿಗೂ ಯುದ್ಧವಿಮಾನಕ್ಕೂ ಏನು ನಂಟು ಹೇಳಿ ನೋಡೋಣ?

ಅಮೆರಿಕದ ಎಡ್ವಿನ್ ಲಿಂಕ್ ಅವರ ತಂದೆಗೆ ಆರ್ಗನ್ ಎಂಬ ದೊಡ್ಡ ವಾದ್ಯ ತಯಾರಿಸುವ ಕಾರ್ಖಾನೆ ಇತ್ತು. ಆ ವಾದ್ಯದ ಗಾಳಿತಿದಿಗಳ ಮೇಲೆ ಪುಟ್ಟ ವಿಮಾನದಂಥ ಪೆಟ್ಟಿಗೆ ಕೂರಿಸಿ, 1929ರ ಹೊತ್ತಿಗೆ ಲಿಂಕ್ ಒಂದು ಯಂತ್ರ ಮಾಡಿದರು. ಒಳಗೆ ಕುಳಿತವನು ಕೋಲು ಆಡಿಸಿದರೆ ತಿದಿಗಳು ಉಬ್ಬಿ ಕುಗ್ಗಿ ಪೆಟ್ಟಿಗೆ ವಾಲುತ್ತಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಲಕ್ಷಾಂತರ ಪೈಲಟ್‌ಗಳು ನೆಲದ ಮೇಲೆ ಕುಳಿತೇ ಇದರಲ್ಲಿ ಪಾಠ ಕಲಿತರು. ಹಾರದೆ ಹಾರಾಟ ಕಲಿಸುವ ಇಂಥ ಯಂತ್ರವೇ ಸಿಮ್ಯುಲೇಟರ್.

ಈಗ ಅದು ಮನೆಯ ಕಂಪ್ಯೂಟರಿಗೂ ಬಂದಿದೆ. ಕಡ್ಡಿರಾಂಪುರದ ನಮ್ಮ ಮನೆಯಲ್ಲಿ ಒಂಬತ್ತನೇ ತರಗತಿಯ ಮೊಮ್ಮಗಳು ‘ಡಿಸಿಎಸ್ ವರ್ಲ್ಡ್’ ಹಾಕಿಸಿಕೊಂಡಾಗ ಸೊಸೆಗೆ ಚಿಂತೆ. “ಮಾವ, ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಇವಳು ನೋಡಿದರೆ ಹೊಡೆದಾಟದ ಆಟಕ್ಕೆ ಕೂತಾಳ. ನೀವಾದ್ರೂ ಹೇಳ್ರಿ” ಎಂದಳು. ಹೇಳುವ ಮೊದಲು ಅದೇನೆಂದು ತಿಳಿಯಬೇಕಲ್ಲವೇ? ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಕೈಯಲ್ಲಿ ನಾನೂ ಜಾಯ್‌ಸ್ಟಿಕ್ ಹಿಡಿದೆ.

ಅದರಲ್ಲಿ ಉಚಿತವಾಗಿ ಸಿಗುವ ಟಿಎಫ್-51ಡಿ ಮಸ್ಟ್ಯಾಂಗ್ ವಿಮಾನಕ್ಕೆ ಗುಂಡೇ ಇಲ್ಲ! ಕಲಿಯುವವರಿಗೆ ಅದೇ ಒಳ್ಳೆಯದು. ಓಡುದಾರಿಯಲ್ಲಿ ಎಂಜಿನ್ ಜೋರು ಮಾಡಿದೊಡನೆ ಮೂಗು ಎಡಕ್ಕೆ ಎಳೆಯುತ್ತದೆ. ಬಲಗಾಲಿನ ಪೆಡಲ್ ಹದವಾಗಿ ಒತ್ತಿ ನೇರ ಇಡಬೇಕು. ನೇರ ಹಾರಲು, ಮೆತ್ತಗೆ ಇಳಿಯಲು ಬಂದ ಮೇಲೆಯೇ ಕಾಳಗದ ಪಾಠ.

ಆ ಪಾಠ ನನಗೆ ಲೆಕ್ಕದ ಪುಸ್ತಕದಂತೆ ಕಂಡಿತು. ಎತ್ತರ ಎಂದರೆ ಠೇವಣಿ, ವೇಗ ಎಂದರೆ ಕೈಯಲ್ಲಿರುವ ನಗದು. ಕೆಳಗಿಳಿದರೆ ಠೇವಣಿ ನಗದಾಗುತ್ತದೆ, ಮೇಲೇರಿದರೆ ನಗದು ಠೇವಣಿಯಾಗುತ್ತದೆ. ಗಕ್ಕನೆ ತಿರುಗಿದರೆ ಮಾತ್ರ ಖರ್ಚೇ ಖರ್ಚು. ಎತ್ತರ ಬಿಡದೆ 60 ಡಿಗ್ರಿ ವಾಲಿ ತಿರುಗುವಾಗ ರೆಕ್ಕೆಗಳು ವಿಮಾನದ ತೂಕದ ಎರಡರಷ್ಟು ಭಾರ ಹೊರಬೇಕು. ಕೋಲನ್ನು ಇನ್ನೂ ಎಳೆದರೆ ರೆಕ್ಕೆಯ ಮೇಲಿನ ಗಾಳಿ ಹರಿದುಹೋಗಿ, ವಿಮಾನ ಎತ್ತುವ ಬಲ ಕಳೆದುಕೊಂಡು ಕುಸಿಯುತ್ತದೆ. ಇದನ್ನು ‘ಸ್ಟಾಲ್’ ಎನ್ನುತ್ತಾರೆ.

ಮೊಮ್ಮಗಳು ಕಂಪ್ಯೂಟರೇ ಹಾರಿಸುವ ಇನ್ನೊಂದು ವಿಮಾನದ ಬೆನ್ನು ಹತ್ತುತ್ತಾಳೆ. ವೇಗ ಹೆಚ್ಚಾಗಿ ಅದನ್ನು ದಾಟಿ ಹೋಗುವಂತಾದರೆ ಮೂಗು ಮೇಲೆತ್ತಿ, ವೇಗವನ್ನು ಎತ್ತರವಾಗಿ ಜಮಾ ಮಾಡುತ್ತಾಳೆ. ಅದು ತಿರುಗುತ್ತಿರುವಾಗ ಮೇಲಿನಿಂದ ಇಳಿದು ಮತ್ತೆ ಅದರ ಹಿಂದೆ ಸೇರುತ್ತಾಳೆ. ಇದರ ಹೆಸರು ‘ಹೈ ಯೋ-ಯೋ’. “ತಾತ, ಅದರ ಮೇಲಿಂದ ಕಣ್ಣು ತೆಗೀಬ್ಯಾಡ” ಎಂದು ನನಗೂ ಪಾಠ!

ಇದು ಬರೀ ಆಟದ ಮಾತಲ್ಲ. ತೇಜಸ್ 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರುವ ಮುನ್ನ ಪೈಲಟ್‌ಗಳು ಅದನ್ನು ಸಿಮ್ಯುಲೇಟರಿನಲ್ಲಿ ಮತ್ತೆ ಮತ್ತೆ ಹಾರಿಸಿ ನೋಡಿದ್ದರು. ನಮ್ಮ ಬೀದರಿನ ವಾಯುನೆಲೆಯಲ್ಲಿ 2008ರಿಂದ ಹಾಕ್ ಜೆಟ್‌ಗಳಲ್ಲಿ ಯುದ್ಧವಿಮಾನದ ಪೈಲಟ್‌ಗಳು ತರಬೇತಿ ಪಡೆಯುತ್ತಿದ್ದಾರೆ. 2016ರಲ್ಲಿ ವಾಯುಪಡೆಯ ಯುದ್ಧವಿಮಾನ ವಿಭಾಗಕ್ಕೆ ಮೊದಲ ಬಾರಿಗೆ ಮೂವರು ಮಹಿಳೆಯರು ಸೇರಿದರು: ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್.

ಆ ಹೆಸರುಗಳನ್ನು ಮೊಮ್ಮಗಳು ನೋಟ್‌ಬುಕ್ಕಿನ ರಟ್ಟಿನ ಒಳಬದಿಗೆ ಬರೆದುಕೊಂಡಿದ್ದಾಳೆ. ಅವಳ ಮನಸ್ಸಿನಲ್ಲಿ ಏನಿದೆ ಎಂದು ನಮಗೆ ತಿಳಿದದ್ದು ಆಗಲೇ. ಅವಳಿಗೆ ನಾನು ಒಂದು ಮಾತು ಹೇಳಿದೆ: “ಕುರ್ಚಿಯಲ್ಲಿ ಕೂತವರಿಗೆ ಆ ಎರಡರಷ್ಟು ಭಾರ ತಿಳಿಯೋದಿಲ್ಲ. ಪರದೆಯ ಮೇಲೆ ಬಿದ್ದ ವಿಮಾನ ಗುಂಡಿ ಒತ್ತಿದರೆ ಮತ್ತೆ ಸಿದ್ಧ. ನಿಜದಲ್ಲಿ ಹಾಗಿಲ್ಲ. ಅದಕ್ಕೆ ಗಣಿತ, ವಿಜ್ಞಾನ, ಗಟ್ಟಿ ಮೈ ಎಲ್ಲವೂ ಬೇಕು.”

ಈಗ ಮನೆಯಲ್ಲಿ ಒಂದು ಕರಾರು. ಓದು ಮುಗಿದ ಮೇಲೆ ಮುಕ್ಕಾಲು ಗಂಟೆ ಹಾರಾಟ; ಪ್ರತಿ ಹಾರಾಟವೂ ಓಡುದಾರಿಯ ಮೇಲೆ ಇಳಿದೇ ಮುಗಿಯಬೇಕು. ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದೆ ನಾವು ಏಳುತ್ತಿರಲಿಲ್ಲ, ಇದೂ ಹಾಗೆಯೇ. ಅಜ್ಜ-ಅಜ್ಜಿಯರೇ, ಮಕ್ಕಳ ಆಟ ಅರ್ಥವಾಗದಿದ್ದರೆ ಒಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ನೋಡಿ. ನಮ್ಮ ಸೊಸೆಯೂ ಈಗ ಅಡುಗೆಮನೆಯಿಂದಲೇ ಕೇಳುತ್ತಾಳೆ: “ಏನವ್ವಾ, ಇವತ್ತು ಸರಿಯಾಗಿ ಇಳಿಸಿದಿ?”