ಬೆಳ್ಳಿ ಲೋಟದ ಪಾನಕ

ನಾನು ಚೆನ್ನೈಗೆ ಬಂದು ಆರು ವರ್ಷವಾಯಿತು. ನಮ್ಮ ತಂಡದ ಕ್ಲೈಂಟ್ ಇರುವುದು ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ. ಮೇ ತಿಂಗಳ ಮೊದಲ ಶನಿವಾರ ಹತ್ತಿರ ಬಂತೆಂದರೆ ಆ ಕಡೆಯವರ ಮನಸ್ಸು ಕೆಲಸದ ಮೇಲಿರುವುದಿಲ್ಲ. ಅವತ್ತು ಕೆಂಟಕಿ ಡರ್ಬಿ, 1875ರಿಂದ ನಡೆದುಬಂದಿರುವ ಕುದುರೆ ರೇಸು. ಓಟ ಮುಗಿಯಲು ಎರಡು ನಿಮಿಷ ಸಾಕು, ಸಂಭ್ರಮ ಮಾತ್ರ ನಮ್ಮೂರ ಜಾತ್ರೆಯ ಹಾಗೆ ದಿನಗಟ್ಟಲೆ. ಆ ಜಾತ್ರೆಯ ಪಾನೀಯವೇ ಮಿಂಟ್ ಜುಲೆಪ್. ಬರ್ಬನ್ ವಿಸ್ಕಿ, ಪುದೀನ, ಸಕ್ಕರೆ, ಪುಡಿ ಮಾಡಿದ ಐಸ್. ಅಷ್ಟೇ.

ಅಷ್ಟೇ ತಾನೆ ಅಂದುಕೊಂಡಿದ್ದೇ ನನ್ನ ತಪ್ಪು.

ಕಳೆದ ವರ್ಷ ಲೂಯಿವಿಲ್‌ಗೆ ಹೋಗಿದ್ದ ಸಹೋದ್ಯೋಗಿಯೊಬ್ಬ ಬರ್ಬನ್ ಬಾಟಲಿ ತಂದುಕೊಟ್ಟ. ಶೇ 51ರಷ್ಟಾದರೂ ಮೆಕ್ಕೆಜೋಳ ಇರಬೇಕು, ಒಳಮೈ ಸುಟ್ಟು ಕಪ್ಪಾಗಿಸಿದ ಹೊಸ ಓಕ್ ಪೀಪಾಯಿಯಲ್ಲೇ ಇಟ್ಟಿರಬೇಕು. ಆಗಲೇ ಅದಕ್ಕೆ ಬರ್ಬನ್ ಎಂಬ ಹೆಸರು. ಕುಡಿದರೆ ಬೆಲ್ಲದ ಪಾಕ ಸ್ವಲ್ಪ ತಳ ಹಿಡಿದ ಹಾಗಿರುತ್ತದೆ. ಅಲ್ಲಿಯವರು ಹಾಕುವ ಸ್ಪಿಯರ್‌ಮಿಂಟ್ ಹೆಚ್ಚುಕಡಿಮೆ ನಮ್ಮ ಪುದೀನವೇ. ಸೊಪ್ಪಿನಮ್ಮ ದಿನಾ ಮನೆ ಬಾಗಿಲಿಗೇ ತರುತ್ತಾರೆ.

ಮೊದಲ ಸಲ ಪುದೀನವನ್ನು ಚಟ್ನಿಗೆ ಜಜ್ಜುವ ಹಾಗೆ ಕುಟ್ಟಾಣಿಯಲ್ಲಿ ಹಾಕಿ ಕುಟ್ಟಿದೆ. ಹಸಿ ಹುಲ್ಲು ಅಗಿದ ಹಾಗೆ ಕಹಿಯಾಯಿತು. ಪುದೀನದ ಪರಿಮಳ ಇರುವುದು ಎಲೆಯ ಮೇಲ್ಮೈಯ ಸಣ್ಣ ಎಣ್ಣೆ ಗ್ರಂಥಿಗಳಲ್ಲಿ. ಎಂಟು-ಹತ್ತು ಎಲೆಗೆ ಎರಡು ಚಮಚ ಸಕ್ಕರೆ ಪಾಕ ಹಾಕಿ ಚಮಚದ ಬೆನ್ನಿಂದ ಮೆಲ್ಲಗೆ ಒತ್ತಿದರೆ ಸಾಕು, ಎಲೆ ಹರಿಯಬಾರದು. ಆಮೇಲೆ 60 ಮಿಲಿ ಬರ್ಬನ್, ಮೇಲೆ ಗೋಪುರದ ಹಾಗೆ ಐಸ್, ಮೂಗಿಗೆ ತಾಗುವಂತೆ ಒಂದು ಪುದೀನ ಕುಡಿ.

ಇದರಲ್ಲಿ ನಿಜವಾದ ಕೆಲಸವೆಲ್ಲ ಐಸಿನದು. ಮಿಕ್ಸಿಗೆ ಹಾಕಿದರೆ ನೀರಾಗುತ್ತದೆ. ನಾನು ಅಪ್ಪನ ಹಳೇ ಪಂಚೆಯ ತುಂಡಿನಲ್ಲಿ ಐಸ್ ಕಟ್ಟಿ ಲಟ್ಟಣಿಗೆಯಲ್ಲಿ ಬಡಿದೆ. ಬಟ್ಟೆ ನೀರು ಹೀರಿಕೊಂಡು ಒಣ ಪುಡಿ ಉಳಿಯಿತು. ಕುಲ್ಫಿ ಗಾಡಿಯವನು ಐಸಿಗೆ ಉಪ್ಪು ಹಾಕುವುದು ಯಾಕೆ ಗೊತ್ತಲ್ಲ? ಇಲ್ಲಿ ಉಪ್ಪಿನ ಕೆಲಸವನ್ನು ಮದ್ಯ ಮಾಡುತ್ತದೆ, ಒಳಗಿನ ಶಾಖ ಸೊನ್ನೆ ಡಿಗ್ರಿಗಿಂತ ಕೆಳಗಿಳಿಯುತ್ತದೆ. ಲೋಹದ ಲೋಟವಾದರೆ ಹೊರಮೈಗೆ ಬಿಳಿ ಹಿಮ ಕಟ್ಟುತ್ತದೆ. ಚೆನ್ನೈನ ಸೆಕೆಗಾಳಿಯ ತೇವ ಉಪಯೋಗಕ್ಕೆ ಬಂದದ್ದು ಈ ಒಂದೇ ವಿಷಯದಲ್ಲಿ.

ಲೋಹಗಳಲ್ಲಿ ಶಾಖವನ್ನು ಎಲ್ಲಕ್ಕಿಂತ ಚೆನ್ನಾಗಿ ದಾಟಿಸುವುದು ಬೆಳ್ಳಿ. ಕೆಂಟಕಿಯವರೂ ಜುಲೆಪ್ಪಿಗೆ ಬೆಳ್ಳಿ ಬಟ್ಟಲೇ ಶ್ರೇಷ್ಠ ಅನ್ನುತ್ತಾರೆ. ನಮ್ಮ ಮನೆಯಲ್ಲೂ ಒಂದು ಬೆಳ್ಳಿ ಲೋಟ ಇತ್ತು. ನನ್ನ ಮಗಳ ನಾಮಕರಣಕ್ಕೆ ಅಮ್ಮ ಹಾಸನದಿಂದ ತಂದದ್ದು. ಅದಕ್ಕೂ ಮುಂಚೆ ಅದು ಅಜ್ಜಿಯದು. "ಅದು ಬೇಡ" ಎಂದಳು ಹೆಂಡತಿ. ನಾನು ಕೇಳಲಿಲ್ಲ.

ಹಿಮ ಕಟ್ಟಿದ ಲೋಟವನ್ನು ಬೆರಳಚ್ಚು ಬೀಳದ ಹಾಗೆ ಅಂಚಿನಲ್ಲಿ ಹಿಡಿದು ಮೆಚ್ಚಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅಮ್ಮನ ವಿಡಿಯೊ ಕಾಲ್ ಬಂತು.

"ಏನೋ ಅದು, ನಮ್ಮ ಲೋಟದಲ್ಲಿ?"

"ಪುದೀನ ಪಾನಕ ಅಮ್ಮ."

ಪೂರ್ತಿ ಸುಳ್ಳೇನಲ್ಲ ಎಂದು ಸಮಾಧಾನ ಮಾಡಿಕೊಂಡೆ. ಜುಲೆಪ್ ಎಂಬ ಮಾತಿನ ಮೂಲ ಪರ್ಷಿಯನ್ನಿನ ಗುಲಾಬ್, ಅಂದರೆ ಪನ್ನೀರು. ಒಂದು ಕಾಲಕ್ಕೆ ಕಹಿ ಔಷಧ ಇಳಿಯಲೆಂದು ಕೊಡುತ್ತಿದ್ದ ಸಿಹಿ ಪಾಕದ ಹೆಸರದು. ವಾದ ಮಂಡಿಸಲು ಎಂಟೆಕ್ ಓದಿದವನಿಗೆ ಹೇಳಿಕೊಡಬೇಕೆ?

ನಾನು ವಾಕಿಂಗ್ ಹೋಗುವ ಮರೀನಾ ದಾರಿಯಲ್ಲಿ ಐಸ್ ಹೌಸ್ ಇದೆ. ಬಾಸ್ಟನ್ನಿನ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ 1842ರಲ್ಲಿ ಕಟ್ಟಿಸಿದ್ದು. ಮುಂದೆ 1897ರಲ್ಲಿ ವಿವೇಕಾನಂದರು ತಂಗಿದ್ದರಿಂದ ಈಗ ಅವರ ಹೆಸರಿನ ಸ್ಮಾರಕವಾಗಿದೆ. ಮ್ಯಾಸಚೂಸೆಟ್ಸ್‌ನ ಕೆರೆಗಳು ಚಳಿಗಾಲದಲ್ಲಿ ಹೆಪ್ಪುಗಟ್ಟಿದಾಗ ಗರಗಸದಲ್ಲಿ ಕೊಯ್ದ ಐಸ್ ಗಡ್ಡೆಗಳು ಮರದ ಹೊಟ್ಟಿನಲ್ಲಿ ಸುತ್ತಿಕೊಂಡು ಹಡಗಿನಲ್ಲಿ ಇಲ್ಲಿಗೆ ಬರುತ್ತಿದ್ದವು. ಅದೇ ವ್ಯಾಪಾರಿಯ ಐಸ್ ಅಮೆರಿಕದ ದಕ್ಷಿಣದ ಬಂದರುಗಳಿಗೂ ಹೋಗುತ್ತಿತ್ತು. ಬೇಸಿಗೆಯಲ್ಲಿ ಐಸ್ ಇಟ್ಟುಕೊಳ್ಳುವವರು ಅಲ್ಲಿ ಸಿರಿವಂತರು. ಅದನ್ನು ಪುಡಿ ಮಾಡಿ ಲೋಟ ತುಂಬುವ ಕೈ ಎಷ್ಟೋ ಸಲ ಗುಲಾಮನದು.

ಅಂಥವರಲ್ಲಿ ಒಬ್ಬರು ವರ್ಜೀನಿಯಾದ ರಿಚ್ಮಂಡ್ ನಗರದ ಜಾನ್ ಡಾಬ್ನಿ. ಹುಟ್ಟಿನಿಂದ ಗುಲಾಮ, ಜುಲೆಪ್ ಮಾಡುವುದರಲ್ಲಿ ಊರಿಗೇ ಹೆಸರುವಾಸಿ. ದುಡಿಮೆಯಲ್ಲಿ ಕೈಗೆ ಉಳಿದ ಪಾಲನ್ನು ಕೂಡಿಟ್ಟು ಮೊದಲು ಹೆಂಡತಿಯ ಬಿಡುಗಡೆಯನ್ನು ಕೊಂಡರು, ಆಮೇಲೆ ತಮ್ಮದಕ್ಕೆ ಕಂತು ಕಟ್ಟತೊಡಗಿದರು. ಕಂತು ತೀರುವ ಮುಂಚೆಯೇ ಅಂತರ್ಯುದ್ಧ ಮುಗಿದು 1865ರಲ್ಲಿ ಗುಲಾಮಗಿರಿ ರದ್ದಾಯಿತು. ಇನ್ನು ಒಂದು ಕಾಸೂ ಕೊಡಬೇಕಾಗಿರಲಿಲ್ಲ. ಆದರೂ ಒಡತಿಗೆ ಬಾಕಿ ಹಣ ಒಯ್ದುಕೊಟ್ಟರು, ಕೊಟ್ಟ ಮಾತು ಎಂದು. ಇದನ್ನು ಪ್ರಾಮಾಣಿಕತೆಯ ಕತೆಯಾಗಿ ಹೇಳುವುದುಂಟು. ನನಗೆ ಓದುವಾಗ ಹೊಟ್ಟೆ ತೊಳಸಿತು. ಮನುಷ್ಯನನ್ನು ಅವನಿಗೇ ಮಾರಿದವರು ಆ ಹಣಕ್ಕೆ ಕೈ ಹೇಗೆ ಒಡ್ಡಿದರೋ! ಆದರೂ ಆ ಮನುಷ್ಯನ ಮಾತಿನ ತೂಕ ತಲೆಯಿಂದ ಇಳಿಯಲಿಲ್ಲ. ಅಮ್ಮನಿಗೆ ಪಾನಕ ಅಂದದ್ದು ಆಗ ಚುಚ್ಚತೊಡಗಿತು.

ವರಮಹಾಲಕ್ಷ್ಮಿ ಹಬ್ಬಕ್ಕೆ ಅಮ್ಮ ಚೆನ್ನೈಗೆ ಬಂದರು. ನೈವೇದ್ಯದ ಹಾಲಿಗೆ ಬೆಳ್ಳಿ ಲೋಟ ತೆಗಿ ಅಂದರು. ನಾನು ಅದನ್ನು ನಾಲ್ಕು ಸಲ ತೊಳೆದಿಟ್ಟಿದ್ದೆ, ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. "ಅಮ್ಮ, ಅವತ್ತು ಅದರಲ್ಲಿದ್ದದ್ದು ವಿಸ್ಕಿ" ಎಂದೆ.

ಅಮ್ಮ ಏನೂ ಅನ್ನಲಿಲ್ಲ. ಹಾಲನ್ನು ಹೊಸ ಸ್ಟೀಲ್ ಲೋಟದಲ್ಲಿ ಇಟ್ಟರು. ಪೂಜೆ ಮುಗಿಯುವ ತನಕ ನನ್ನ ಮುಖ ನೋಡಲಿಲ್ಲ, ಊಟಕ್ಕೆ ಬಡಿಸುವಾಗಲೂ ಇಲ್ಲ. ಸಂಜೆ ಬೆಳ್ಳಿ ಲೋಟವನ್ನು ವಿಭೂತಿ ಹಾಕಿ ತಿಕ್ಕುತ್ತಾ ಕೂತವರು, "ಅದೇನು ಪಾನಕವೋ ಮಾಡು ನೋಡೋಣ, ಆ ಹಾಳಾದ್ದು ಬಿಟ್ಟು" ಅಂದರು.

ಬೆಲ್ಲದ ಪಾಕ, ನಿಂಬೆಹಣ್ಣು, ಒಣಶುಂಠಿ, ಪುದೀನ ಹಾಕಿ ಮಾಡಿದೆ. ಐಸ್ ಬಡಿದು ಕೊಟ್ಟವಳು ಮಗಳು. ಮದ್ಯ ಇಲ್ಲದ್ದಕ್ಕೆ ಹಿಮ ಕಟ್ಟಲಿಲ್ಲ, ಬರೀ ಬೆವರಿತು. ಅಮ್ಮ ಎರಡು ಗುಟುಕು ಕುಡಿದು ಹಲ್ಲು ಜುಂ ಅಂತು ಅಂದರು, ಬೆಲ್ಲ ಜಾಸ್ತಿಯಾಯಿತು ಅಂದರು, ಪೂರ್ತಿ ಕುಡಿದರು.

ವಾರದ ನಂತರ ಹಾಸನದ ಬಸ್ಸು ಹತ್ತುವಾಗ ಅವರ ಚೀಲ ನಾನೇ ಎತ್ತಿಕೊಟ್ಟೆ. ಬೆಳ್ಳಿ ಲೋಟ ಅದರೊಳಗಿತ್ತೆಂದು ಗೊತ್ತಾದದ್ದು ಮನೆಗೆ ಬಂದು ಬೀರು ತೆಗೆದಾಗ.